ಗೂಟ ಹೆರೆಯುವ ಡ್ರಿಲ್ ಮೆಂಡರ್: ಬಳಕೆ ಮತ್ತು ಜೋಪಾನ



ಜೋಗುಪಾಳ್ಯದಲ್ಲಿ ನಿಂತು ಗೂಟದ ವಿಷಯ ಮಾತನಾಡುವುದು ಕೆಲವರಿಗೆ ವಿಚಿತ್ರವೆನಿಸಬಹುದು. ಹಲಸೂರು ಕೆರೆಯ ಮಗ್ಗುಲಿನ ಈ ಪಾಳ್ಯದಲ್ಲಿ ಇಂದು ಉಳುವ ನೆಲವಿಲ್ಲ. ಆದರೆ ಹತ್ತಿರದಲ್ಲೇ ಹಾದುಹೋಗುವ ಹಳೇ ಮದ್ರಾಸು ರಸ್ತೆಯನ್ನು ಹಿಡಿದು ಹೊರಟರೆ ಕೃಷ್ಣರಾಜಪುರ, ಹೊಸಕೋಟೆ, ಕೋಲಾರ, ಮುಳಬಾಗಿಲು ಎಂದು ಒಂದೊಂದಾಗಿ ಟೊಮೇಟೊ ಸೀಮೆಯೇ ಎದುರಾಗುತ್ತದೆ. 1809ರಲ್ಲಿ ದಂಡು ಬಂದು ನೆಲಸಿದಂದಿನಿಂದ ಬೆಂಗಳೂರಿನ ಈ ಪೂರ್ವ ಭಾಗ ಸುತ್ತಲಿನ ಹಳ್ಳಿಗಳ ತರಕಾರಿಯನ್ನು ಉಣ್ಣುತ್ತಲೇ ಬಂದಿದೆ. ಮನೆ ಇಲ್ಲಿ, ಜಮೀನು ಮಾಲೂರು ಅಥವಾ ಹೊಸಕೋಟೆಯ ಕಡೆ ಎಂದು ಎರಡೂ ಕಡೆ ಕಾಲಿಟ್ಟಿರುವವರೂ ಇದ್ದಾರೆ. ಅಂಥವರು ಪೇಟೆಯಲ್ಲಿ ಕೊಂಡು ತೋಟಕ್ಕೆ ಒಯ್ಯುವ ಹೊಸ ಸಾಧನಗಳಲ್ಲಿ ವಿದ್ಯುತ್ ಡ್ರಿಲ್ಲಿಗೆ ಸಿಕ್ಕಿಸಿ ಗೂಟಗಳನ್ನು ಮೊನೆ ಮಾಡುವ ಉಪಕರಣವೂ ಒಂದು.

ಇದರ ರಚನೆ ಬಲು ಸರಳ. ಶಾಲೆಯ ಮಕ್ಕಳು ಪೆನ್ಸಿಲ್ ಹೆರೆಯುವ ಮೆಂಡರನ್ನು ಎಲ್ಲರೂ ಬಲ್ಲರು. ಅದನ್ನೇ ಲೋಟದ ಗಾತ್ರಕ್ಕೆ ಹಿಗ್ಗಿಸಿದರೆ ಈ ಉಪಕರಣವಾಗುತ್ತದೆ. ಒಳಗೆ ಆಲಿಕೆಯ ಆಕಾರದ ಕುಳಿ, ಅದರ ಪಕ್ಕದ ಸೀಳಿನಲ್ಲಿ ಎರಡು ಸ್ಕ್ರೂಗಳಿಂದ ಬಿಗಿದ ಉಕ್ಕಿನ ಅಲಗು, ಹಿಂಬದಿಯಲ್ಲಿ ಡ್ರಿಲ್ಲಿನ ಚಕ್ಕಿಗೆ ಸಿಕ್ಕಿಸುವ ದಂಡ. ಪೆನ್ಸಿಲನ್ನು ಹೆರೆಯುವಾಗ ಪೆನ್ಸಿಲ್ ತಿರುಗುತ್ತದೆ, ಮೆಂಡರ್ ನಿಂತಿರುತ್ತದೆ. ಇಲ್ಲಿ ಗೂಟ ನಿಂತಿರುತ್ತದೆ, ಮೆಂಡರ್ ತಿರುಗುತ್ತದೆ. ಈ ವ್ಯತ್ಯಾಸವೊಂದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮುಂದೆ ಹೇಳುವ ಎಚ್ಚರಿಕೆಗಳೆಲ್ಲ ತಾವಾಗಿಯೇ ಅರ್ಥವಾಗುತ್ತವೆ.

ಮೊದಲು ಲಾಭ-ನಷ್ಟದ ಮಾತು. ಸಾಲಿನಿಂದ ಸಾಲಿಗೆ 4 ಅಡಿ, ಸಾಲಿನಲ್ಲಿ 6 ಅಡಿಗೊಂದು ಗೂಟ ಎಂದು ಲೆಕ್ಕ ಹಿಡಿದರೆ ಒಂದು ಎಕರೆ ಟೊಮೇಟೊಗೆ 1,815 ಗೂಟಗಳು ಬೇಕು. ಮಚ್ಚಿನಿಂದ ಒಂದು ಗೂಟ ಮೊನೆ ಮಾಡಲು ಒಂದು ನಿಮಿಷವೆಂದು ಇಟ್ಟುಕೊಂಡರೆ ಒಟ್ಟು 30 ಗಂಟೆಗಳಿಗೂ ಮೇಲೆ, ಅಂದರೆ ಒಬ್ಬ ಆಳಿಗೆ ಹೆಚ್ಚುಕಡಿಮೆ ನಾಲ್ಕು ದಿನದ ಕೆಲಸ. ಉಪಕರಣದಲ್ಲಿ ಹೆರೆಯಲು 20 ಸೆಕೆಂಡು ಸಾಕೆಂದು ಇಟ್ಟುಕೊಳ್ಳೋಣ. ಆದರೆ ಗೂಟವನ್ನು ಎತ್ತಿ ತರಲು, ಬಿಗಿಯಲು, ಬಿಚ್ಚಿ ಪಕ್ಕಕ್ಕೆ ಹಾಕಲು ಇನ್ನೂ 20 ಸೆಕೆಂಡಾದರೂ ಬೇಕು. ಒಟ್ಟು 20 ಗಂಟೆಗಳ ಕೆಲಸವಾಯಿತು. ಉಳಿದದ್ದು 10 ಗಂಟೆ ಮಾತ್ರ. ಸಾಮಾನು ಮಾರುವವರು ಹೆರೆಯುವ ಸಮಯವನ್ನಷ್ಟೇ ಹೇಳುತ್ತಾರೆ, ಹೊರುವ ಸಮಯವನ್ನು ಹೇಳುವುದಿಲ್ಲ. ಆದುದರಿಂದ ಕೆಲಸ ಹಾರಿಹೋಗುತ್ತದೆ ಎಂಬ ಆಸೆಯಿಂದ ಇದನ್ನು ಕೊಳ್ಳುವುದು ಸರಿಯಲ್ಲ. ಕೈತೋಟಕ್ಕೆ ಹತ್ತಿಪ್ಪತ್ತು ಗೂಟ ಬೇಕಾದವರಿಗಂತೂ ಮನೆಯ ಮಚ್ಚೇ ಸಾಕು.

ಹಾಗಾದರೆ ಇದರ ನಿಜವಾದ ಉಪಯೋಗವೇನು? ಮೊನೆ ಗೂಟದ ನಡುಮಧ್ಯಕ್ಕೆ ಬರುತ್ತದೆ. ಆತುರದಲ್ಲಿ ಮಚ್ಚಿನಿಂದ ಒಂದೇ ಕಡೆಗೆ ಓರೆಯಾಗಿ ಕಡಿದ ಗೂಟವನ್ನು ಗಮನಿಸಿ ನೋಡಿರಿ. ಅದು ಉಳಿಯಂತೆ ವರ್ತಿಸುತ್ತದೆ. ಸುತ್ತಿಗೆಯ ಪೆಟ್ಟು ಬಿದ್ದಂತೆಲ್ಲ ಮಣ್ಣು ಓರೆಯ ಮುಖವನ್ನು ಒತ್ತುತ್ತದೆ, ತುದಿ ಎದುರು ಬದಿಗೆ ಸರಿಯುತ್ತದೆ, ಗೂಟ ವಾಲುತ್ತದೆ. ಅದನ್ನು ನೇರ ಮಾಡಲು ಆಳು ಹಿಡಿದು ಅಲುಗಿಸುತ್ತಾನೆ, ಬುಡದ ಮಣ್ಣು ಸಡಿಲವಾಗುತ್ತದೆ. ನೆಟ್ಟ ದಿನ ಇದಾವುದೂ ಕಾಣುವುದಿಲ್ಲ. ಕಾಣುವುದು ಕಾಯಿ ಕಟ್ಟಿದ ಮೇಲೆ. ಒಂದೂವರೆ ಅಡಿಗೊಂದು ಗಿಡವಿದ್ದರೆ ಎರಡು ಗೂಟಗಳ ನಡುವೆ ನಾಲ್ಕು ಗಿಡ. ಗಿಡವೊಂದರ ಮೇಲೆ ಒಮ್ಮೆಗೆ 4 ಕೆ.ಜಿ. ಕಾಯಿ ನಿಂತರೂ ತಂತಿಗೆ 16 ಕೆ.ಜಿ. ಭಾರ, ಜೊತೆಗೆ ಹಸಿ ಎಲೆ, ಬಳ್ಳಿ. ಅದರ ಮೇಲೆ ಒಂದು ರಾತ್ರಿ ಗಾಳಿ ಮಳೆ ಹೊಡೆದರೆ ವಾಲಿದ ಒಂದು ಗೂಟ ಪಕ್ಕದ ಗೂಟವನ್ನೂ ಎಳೆದುಕೊಂಡು ಬೀಳುತ್ತದೆ. ಬೆಳಿಗ್ಗೆ ಹೋಗಿ ನೋಡಿದರೆ ಸಾಲಿಗೆ ಸಾಲೇ ನೆಲ ಹಿಡಿದಿರುತ್ತದೆ, ಮಣ್ಣು ತಾಗಿದ ಕಾಯಿ ಕೊಳೆಯಲು ಹೆಚ್ಚು ದಿನ ಬೇಡ. ಮಚ್ಚಿನಿಂದಲೂ ನಾಲ್ಕು ಮುಖಗಳನ್ನು ಸಮನಾಗಿ ಕಡಿದು ನೇರವಾದ ಮೊನೆ ತರುವ ಕೈಗಳಿವೆ. ಆದರೆ ಸಾವಿರದೆಂಟು ನೂರು ಗೂಟಗಳಿಗೂ, ಸಂಜೆಯ ಹೊತ್ತಿಗೂ, ಅದೇ ಕೈ ಅದೇ ಹದದಲ್ಲಿ ಇರುವುದಿಲ್ಲ. ಉಪಕರಣ ಮೊದಲ ಗೂಟಕ್ಕೂ ಕೊನೆಯ ಗೂಟಕ್ಕೂ ಒಂದೇ ಮೊನೆ ಕೊಡುತ್ತದೆ, ಅಲಗು ಹರಿತವಾಗಿ ಇರುವವರೆಗೆ.

ಹಾರೆಯಿಂದ ಆಳವಾಗಿ ಗುಂಡಿ ಮಾಡಿ ಗೂಟ ನಿಲ್ಲಿಸಿ ಮಣ್ಣು ಗಿಡಿಯುವ ಪದ್ಧತಿಯವರಿಗೆ ಚೂಪಾದ ಮೊನೆ ಅವಶ್ಯಕವಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆದರೆ ಹಾಗೆ ನಿಲ್ಲಿಸಿದ ಗೂಟಕ್ಕೆ ಹೊಡೆದು ಇಳಿಸಿದ ಗೂಟದಷ್ಟು ಹಿಡಿತ ಬರುವುದಿಲ್ಲ. ಹಿಂದಿನ ದಿನ ನೀರು ಹಾಯಿಸಿ ನೆಲ ಹದವಾದಾಗ ಮೊನೆ ಮಾಡಿದ ಗೂಟವನ್ನು ಒಂದರಿಂದ ಒಂದೂವರೆ ಅಡಿ ಆಳಕ್ಕೆ ಹೊಡೆಯುವುದು ಉತ್ತಮ.

ಇನ್ನು ಮರದ ಆಯ್ಕೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಆಸರೆಗೆ ಹೆಚ್ಚಾಗಿ ಬಳಕೆಯಲ್ಲಿರುವುದು ನೀಲಗಿರಿ ಮತ್ತು ಸರ್ವೆ. ಎರಡೂ ಗಟ್ಟಿ ಮರಗಳೇ. ಹಸಿಯಾಗಿರುವಾಗ ಹೆರೆದರೆ ಅಲಗಿನಿಂದ ರಿಬ್ಬನ್ನಿನಂತೆ ಸಿಪ್ಪೆ ಹೊರಬರುತ್ತದೆ. ಒಣಗಿದ ಮೇಲೆ ಅದೇ ಗೂಟ ಡ್ರಿಲ್ಲಿನ ಮೋಟಾರನ್ನು ಮುಕ್ಕರಿಯುವಂತೆ ಮಾಡುತ್ತದೆ. ಆದುದರಿಂದ ಹೊಸ ಗೂಟಗಳನ್ನು ಕಡಿದ ವಾರದೊಳಗೆ ಮೊನೆ ಮಾಡಿ, ನಂತರ ಒಣಗಲು ಬಿಡುವುದು ಲೇಸು. ಬಿದಿರಿಗೆ ಈ ಉಪಕರಣ ಸಲ್ಲದು. ಬಿದಿರು ಟೊಳ್ಳು, ಅಲಗು ತಾಗಿದೊಡನೆ ನಾರು ನಾರಾಗಿ ಸೀಳುತ್ತದೆ. ಅದನ್ನು ಗಿಣ್ಣಿನ ಸ್ವಲ್ಪ ಕೆಳಗೆ ಮಚ್ಚಿನಿಂದ ಓರೆಯಾಗಿ ಕಡಿಯುವುದೇ ಸರಿ. ಬೇಲಿಗೆ ನೆಡುವ ಗ್ಲಿರಿಸಿಡಿಯಾ ಕಡ್ಡಿಗಳಿಗೂ ಇದು ಬೇಡ. ಅವು ಬೇರು ಬಿಡಬೇಕಾದ ಜೀವಂತ ಕಡ್ಡಿಗಳು, ಅವುಗಳ ತುದಿಯ ತೊಗಟೆಯನ್ನೆಲ್ಲ ಸುಲಿಯಬಾರದು.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಕೈಯಲ್ಲಿರುವ ಗೂಟವನ್ನು ಎರಡು ಬೆಳೆ ಹೆಚ್ಚು ಬಾಳಿಸಬೇಕೆಂಬ ಯೋಚನೆ ಆ ಮೇಲೆ ಇನ್ನಷ್ಟು ಮುಖ್ಯವಾಯಿತು. ಹಳೆಯ ಗೂಟಗಳನ್ನು ಮತ್ತೆ ಮೊನೆ ಮಾಡುವುದಕ್ಕೆ ಈ ಉಪಕರಣ ಬಹಳ ಅನುಕೂಲ. ಆದರೆ ಇಲ್ಲಿಯೇ ಅಲಗುಗಳು ಹಾಳಾಗುವುದು ಕೂಡ. ಹಳೆಯ ಗೂಟದ ತುದಿಯಲ್ಲಿ ಮಣ್ಣು, ಮರಳು ಕಚ್ಚಿಕೊಂಡಿರುತ್ತದೆ, ಎಲ್ಲೋ ಒಂದು ಮುರಿದ ಮೊಳೆ, ಜಿ.ಐ. ತಂತಿಯ ತುಂಡು ಉಳಿದಿರುತ್ತದೆ. ಹೊಸ ಗೂಟಗಳನ್ನೂ ನೆಲದ ಮೇಲೆ ಎಳೆದು ತಂದಿದ್ದರೆ ತೊಗಟೆಯ ಬಿರುಕುಗಳಲ್ಲಿ ಮರಳು ಸೇರಿರುತ್ತದೆ. ಒಂದು ಹರಳು ಸಾಕು, ಅಲಗಿನ ಬಾಯಿ ಮುಕ್ಕಾಗಲು. ಹೆರೆಯುವ ಮುಂಚೆ ತುದಿಯ ಒಂದು ಗೇಣಿನಷ್ಟು ತೊಗಟೆಯನ್ನು ಮಚ್ಚಿನ ಬೆನ್ನಿನಿಂದ ಕೆರೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಮೊಳೆ ಇದೆಯೇ ಎಂದು ಕಣ್ಣಿಟ್ಟು ನೋಡಬೇಕು. ಕೊಳೆತ ಭಾಗವನ್ನು ಗರಗಸದಿಂದ ಅಡ್ಡಲಾಗಿ ಕತ್ತರಿಸಿ ತೆಗೆದ ಮೇಲೆಯೇ ಮೊನೆ ಮಾಡಬೇಕು. ಪ್ರತಿ ಸಲವೂ ಗೂಟ ನಾಲ್ಕಾರು ಅಂಗುಲ ಗಿಡ್ಡವಾಗುತ್ತದೆ ಎಂಬುದು ನೆನಪಿರಲಿ. ಟೊಮೇಟೊಗೆ ಸಾಲದಷ್ಟು ಗಿಡ್ಡವಾದದ್ದು ಬದನೆಗೋ, ದೊಣ್ಣೆ ಮೆಣಸಿನಕಾಯಿಗೋ ಆದೀತು.

ಸೊರಗು ರೋಗ ಬಂದ ತಾಕಿನ ಗೂಟಗಳನ್ನು ಮಾತ್ರ ಬೇರೆಯಾಗಿಯೇ ಇಡತಕ್ಕದ್ದು. ದುಂಡಾಣುವಿನಿಂದ ಬರುವ ಈ ರೋಗ ಮಣ್ಣಿನಲ್ಲಿ ಉಳಿಯುತ್ತದೆ, ಗೂಟಕ್ಕೆ ಅಂಟಿದ ಮಣ್ಣಿನೊಡನೆ ಬೇರೆ ಹೊಲಕ್ಕೂ ಹೋಗುತ್ತದೆ. ಹೆಸರಘಟ್ಟದ ಭಾರತೀಯ ತೋಟಗಾರಿಕೆ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ಸೊರಗು ನಿರೋಧಕ ತಳಿಯನ್ನು ಬೆಳೆದಿದ್ದರೂ ಈ ಎಚ್ಚರಿಕೆ ಬೇಡವೆಂದಲ್ಲ. ಅಂಥ ಗೂಟಗಳನ್ನು ಕೊನೆಗೆ ಹೆರೆದು, ಮೆಂಡರನ್ನು ತೊಳೆದು ಒರೆಸಿ ಇಡಬೇಕು. ಅವುಗಳ ಸಿಪ್ಪೆಯನ್ನು ಸಸಿಮಡಿಯ ಹತ್ತಿರ ಉದುರಿಸಬಾರದು.

ಈಗ ಡ್ರಿಲ್ಲಿನ ಮಾತು. ಮನೆಯಲ್ಲಿ ಗೋಡೆಗೆ ಮೊಳೆ ಹೊಡೆಯಲು ಇಟ್ಟ 10 ಮಿ.ಮೀ. ಚಕ್ಕಿನ ಸಣ್ಣ ಡ್ರಿಲ್ ಈ ಕೆಲಸಕ್ಕೆ ಆಗುವುದಿಲ್ಲ. ಅಂಥವು ನಿಮಿಷಕ್ಕೆ ಎರಡೂವರೆ ಸಾವಿರ ಸುತ್ತುಗಳಿಗೂ ಹೆಚ್ಚು ತಿರುಗುತ್ತವೆ, ಬಲ ಮಾತ್ರ ಕಡಿಮೆ. 5 ಸೆಂ.ಮೀ. ದಪ್ಪದ ಗೂಟದ ಅಂಚಿನಲ್ಲಿ 2,800 ಸುತ್ತಿನ ವೇಗವೆಂದರೆ ಅಲಗು ಸೆಕೆಂಡಿಗೆ 7 ಮೀಟರಿಗೂ ಹೆಚ್ಚು ಓಡುತ್ತದೆ. ಗಂಟು ಸಿಕ್ಕಿದೊಡನೆ ಡ್ರಿಲ್ ಕೈಯಲ್ಲಿ ಗಿರ್ರನೆ ತಿರುಗಿ ಮಣಿಕಟ್ಟನ್ನು ತಿರುಚುತ್ತದೆ. 13 ಮಿ.ಮೀ. ಚಕ್ಕು, ಎರಡು ಗೇರು, ಪಕ್ಕದಲ್ಲಿ ಎರಡನೇ ಕೈಗೆ ಹಿಡಿ ಇರುವ ಡ್ರಿಲ್ ಬೇಕು. ಕಡಿಮೆ ಗೇರಿನಲ್ಲಿ ನಿಮಿಷಕ್ಕೆ 400ರಿಂದ 600 ಸುತ್ತು ಸಾಕು. 500 ಸುತ್ತಿನಲ್ಲಿ ಅಂಚಿನ ವೇಗ ಸೆಕೆಂಡಿಗೆ ಒಂದೂಕಾಲು ಮೀಟರಿನಷ್ಟಾಗುತ್ತದೆ, ಮರ ಸುಡುವುದಿಲ್ಲ, ಕೈಗೂ ಅಂಕೆಯಲ್ಲಿರುತ್ತದೆ.

ಇಲ್ಲಿ ಅನೇಕರು ಮಾಡುವ ತಪ್ಪೊಂದಿದೆ. ಹೆಚ್ಚು ವೇಗದ ಗೇರಿನಲ್ಲೇ ಇಟ್ಟುಕೊಂಡು ಕುದುರೆಯನ್ನು ಅರ್ಧ ಒತ್ತಿ ವೇಗ ಇಳಿಸುತ್ತಾರೆ. ಡ್ರಿಲ್ಲಿನೊಳಗೆ ಮೋಟಾರನ್ನು ತಂಪು ಮಾಡುವ ಫ್ಯಾನು ಮೋಟಾರಿನ ದಂಡಕ್ಕೇ ಜೋಡಿಸಿರುತ್ತದೆ. ಮೋಟಾರು ನಿಧಾನವಾದರೆ ಫ್ಯಾನೂ ನಿಧಾನ, ಆದರೆ ಭಾರ ಹಾಗೆಯೇ ಇರುತ್ತದೆ. ಹೀಗಾಗಿ ಸುರುಳಿ ಕಾದು ಸುಡುತ್ತದೆ. ಗೇರನ್ನು ಇಳಿಸಿ, ಕುದುರೆಯನ್ನು ಪೂರ್ತಿ ಒತ್ತಿದರೆ ಮೋಟಾರು ತನ್ನ ವೇಗದಲ್ಲೇ ತಿರುಗಿ ತಂಪಾಗಿರುತ್ತದೆ. ಕಾಲು ಗಂಟೆಗೊಮ್ಮೆ ಭಾರವಿಲ್ಲದೆ ಒಂದು ನಿಮಿಷ ಓಡಿಸಿದರೆ ಒಳಗಿನ ಕಾವು ಹೊರಹೋಗುತ್ತದೆ. ಗೋಡೆ ಕೊರೆಯಲು ಇರುವ ಸುತ್ತಿಗೆ ಪೆಟ್ಟಿನ ಗುಂಡಿಯನ್ನು ಖಂಡಿತವಾಗಿ ಮುಚ್ಚಿರಬೇಕು. ಪೆಟ್ಟು ಬೀಳುತ್ತಿದ್ದರೆ ಅಲಗಿನ ಸ್ಕ್ರೂ ಸಡಿಲವಾಗಿ ಅಲಗು ಹಾರುವ ಅಪಾಯವಿದೆ.

ತೋಟದಲ್ಲಿ ವಿದ್ಯುತ್ ತೆಗೆದುಕೊಳ್ಳುವ ರೀತಿಯೂ ಮುಖ್ಯ. ಪಂಪ್‌ಸೆಟ್ಟಿನ ಸ್ಟಾರ್ಟರಿನಿಂದ ಒಂದು ಫೇಸು ಎಳೆದು, ನೆಲಕ್ಕೆ ಕಬ್ಬಿಣದ ಸಲಾಕೆ ಹುಗಿದು ಅದನ್ನೇ ನ್ಯೂಟ್ರಲ್ ಮಾಡಿಕೊಂಡು ಡ್ರಿಲ್ ಓಡಿಸುವವರಿದ್ದಾರೆ. ಹಸಿ ನೆಲದಲ್ಲಿ ಬರಿಗಾಲಿನಲ್ಲಿ ನಿಂತವನಿಗೆ ಇದು ಪ್ರಾಣಾಂತಕ. ಮನೆಯ ಅಥವಾ ಶೆಡ್ಡಿನ ಸರಿಯಾದ ಸಾಕೆಟ್ಟಿನಿಂದ, ಸೋರಿಕೆ ಕಂಡೊಡನೆ ಕಡಿದುಹಾಕುವ ಸ್ವಿಚ್ಚಿನ ಮೂಲಕ, 1.5 ಚದರ ಮಿ.ಮೀ. ತಾಮ್ರದ ವೈರಿನಲ್ಲಿ ವಿದ್ಯುತ್ ಪಡೆಯಬೇಕು. ವೈರಿನ ಸುರುಳಿಯನ್ನು ಪೂರ್ತಿ ಬಿಚ್ಚಿ ಹರಡಬೇಕು, ಸುತ್ತಿಯೇ ಇದ್ದರೆ ಕಾಯುತ್ತದೆ. ಗೂಟಗಳನ್ನು ಶೆಡ್ಡಿನ ಹತ್ತಿರ ತಂದು ಹೆರೆಯುವುದು ಒಳ್ಳೆಯದು, ಡ್ರಿಲ್ಲನ್ನು ಹೊಲಕ್ಕೆ ಎಳೆಯುವುದಲ್ಲ. 18 ವೋಲ್ಟಿನ ಬ್ಯಾಟರಿ ಡ್ರಿಲ್ ಇದ್ದವರಿಗೆ ಈ ತೊಡಕಿಲ್ಲ. ಆದರೆ ಗಟ್ಟಿ ಮರ ಹೆರೆಯುವಾಗ ಬ್ಯಾಟರಿ ಬೇಗ ಇಳಿಯುವುದರಿಂದ ಎರಡು ಬ್ಯಾಟರಿ ಬೇಕಾಗುತ್ತವೆ. ಬಿಸಿಯಾದ ಬ್ಯಾಟರಿಯನ್ನು ಆರುವ ಮುಂಚೆ ಚಾರ್ಜಿಗೆ ಹಾಕಬಾರದು.

ಗೂಟವನ್ನು ಕೈಯಲ್ಲಿ ಹಿಡಿದು ಹೆರೆಯುವುದು ಈ ಉಪಕರಣದಿಂದಾಗುವ ಗಾಯಗಳಿಗೆ ನೇರ ದಾರಿ. ಇನ್ನೊಬ್ಬರು ಹಿಡಿದುಕೊಂಡರೂ ಅಷ್ಟೇ, ಅಲಗು ಕಚ್ಚಿಕೊಂಡರೆ ಗೂಟ ಅವರ ಕೈಯಲ್ಲಿ ತಿರುಗುತ್ತದೆ. ಇದಕ್ಕೆ ಮನೆಯಲ್ಲೇ ಒಂದು ಸ್ಟ್ಯಾಂಡು ಮಾಡಿಕೊಳ್ಳಬಹುದು. ಎರಡು ಜೊತೆ ಕತ್ತರಿಗಾಲುಗಳನ್ನು ಸೊಂಟದ ಎತ್ತರಕ್ಕೆ ನಿಲ್ಲಿಸಿ, ನಡುವೆ ಪಟ್ಟಿ ಬಡಿದು ಸೇರಿಸಬೇಕು. ಗೂಟ ಕೂರುವ ಕವಲಿಗೆ ಹಳೆಯ ಟಯರಿನ ತುಂಡನ್ನು ಮೊಳೆ ಹೊಡೆದರೆ ಜಾರುವುದಿಲ್ಲ. ಸೈಕಲ್ ಟ್ಯೂಬಿನ ಅಥವಾ ಗಟ್ಟಿ ಪಟ್ಟಿಯ ಕುಣಿಕೆಯನ್ನು ಗೂಟದ ಮೇಲೆ ಹಾಯಿಸಿ, ಕೆಳಗೆ ಕಾಲಿನಿಂದ ಮೆಟ್ಟುವ ಹಲಗೆಗೆ ಕಟ್ಟಬೇಕು. ಮೆಟ್ಟಿದರೆ ಬಿಗಿ, ಬಿಟ್ಟರೆ ಸಡಿಲ. ಎರಡು ಕೈಗಳೂ ಡ್ರಿಲ್ಲಿಗೇ ಉಳಿಯುತ್ತವೆ. ಗೂಟದ ತುದಿ ಕವಲಿನಿಂದ ಒಂದು ಗೇಣು ಮಾತ್ರ ಹೊರಗಿರಲಿ, ಹೆಚ್ಚಾದರೆ ಅದುರುತ್ತದೆ.

ಹೆಗಲ ಮೇಲಿನ ಟವೆಲು, ಸಡಿಲವಾದ ಸೆರಗು, ಬಿಟ್ಟ ಕೂದಲು, ಬಟ್ಟೆಯ ಕೈಗವಸು ಇವು ಯಾವುದೂ ತಿರುಗುವ ಚಕ್ಕಿನ ಹತ್ತಿರ ಇರಕೂಡದು. ಕಣ್ಣಿಗೆ ಕನ್ನಡಕ ಬೇಕು. ಮೆಂಡರಿನ ಬಾಯಿಯನ್ನು ಗೂಟದ ತುದಿಗೆ ನೇರವಾಗಿ ಇಟ್ಟು, ಡ್ರಿಲ್ಲನ್ನು ಓಡಿಸಿ, ಅಲಗು ಸುತ್ತಲೂ ಸಮನಾಗಿ ತಾಗುವವರೆಗೆ ಹಗುರವಾಗಿ ಒತ್ತಬೇಕು. ಆಮೇಲೆ ಒತ್ತಡ ಹೆಚ್ಚಿಸಬಹುದು. ಡ್ರಿಲ್ ಓರೆಯಾದರೆ ಮೊನೆಯೂ ಓರೆ, ಪಟ್ಟ ಶ್ರಮ ದಂಡ. ಗೂಟ ಮೆಂಡರಿನ ಬಾಯಿಗಿಂತ ದಪ್ಪವಿದ್ದರೆ ಅಂಚನ್ನು ಮಚ್ಚಿನಿಂದ ಸವರಿ ಸಣ್ಣ ಮಾಡಿಕೊಳ್ಳಬೇಕೇ ಹೊರತು ತುರುಕಬಾರದು. ಸಿಪ್ಪೆ ಸಿಕ್ಕಿಕೊಂಡರೆ ಪ್ಲಗ್ಗನ್ನು ಕಿತ್ತು, ಕಡ್ಡಿಯಿಂದ ತೆಗೆಯಬೇಕು. ಬೆರಳು ಹಾಕಿ ತೆಗೆಯುವ ಅಭ್ಯಾಸ ಬೇಡವೇ ಬೇಡ.

ಮೊನೆ ಎಷ್ಟು ಉದ್ದವಿರಬೇಕು? ಗೂಟದ ದಪ್ಪದ ಒಂದೂವರೆಯಿಂದ ಎರಡರಷ್ಟು, ಅಂದರೆ 5 ಸೆಂ.ಮೀ. ಗೂಟಕ್ಕೆ 8ರಿಂದ 10 ಸೆಂ.ಮೀ. ಸಾಕು. ಸೂಜಿಯಂಥ ಮೊನೆ ನೋಡಲು ಚೆಂದ, ಆದರೆ ಮೊರಂಬು ನೆಲದಲ್ಲಿ ಮೊದಲ ಪೆಟ್ಟಿಗೇ ಪೊರಕೆಯಂತೆ ಬಿರಿಯುತ್ತದೆ. ಹೆರೆದ ಮೇಲೆ ತುದಿಯನ್ನು ಕಿರುಬೆರಳ ಅರ್ಧದಷ್ಟು ದಪ್ಪಕ್ಕೆ ಗರಗಸದಿಂದ ಮೊಂಡು ಮಾಡುವುದು ಒಳ್ಳೆಯದು. ಮೇಲಿನ ತಲೆಯ ಅಂಚನ್ನೂ ಸುತ್ತಲೂ ಸ್ವಲ್ಪ ಸವರಿದರೆ ಸುತ್ತಿಗೆ ಪೆಟ್ಟಿಗೆ ಸೀಳುವುದಿಲ್ಲ.

ಮೊನೆ ಮಾಡಿದ ಮೇಲೆಯೇ ಗೂಟಕ್ಕೆ ಮೈಲುತುತ್ತದ ಅಥವಾ ಬೇರೆ ಔಷಧದ ಉಪಚಾರ. ಇದನ್ನು ತಿರುವುಮುರುವು ಮಾಡುವವರೇ ಹೆಚ್ಚು. ಮೊದಲು ಅದ್ದಿ ಆಮೇಲೆ ಹೆರೆದರೆ ಔಷಧ ಹಿಡಿದ ಭಾಗವೇ ಸಿಪ್ಪೆಯಾಗಿ ಹೋಗುತ್ತದೆ. ಅಲ್ಲದೆ ಮೈಲುತುತ್ತ ಉಕ್ಕನ್ನು ತಿನ್ನುತ್ತದೆ, ಹಸಿ ಉಪ್ಪು ತಾಗಿದ ಅಲಗು ಒಂದೇ ರಾತ್ರಿಯಲ್ಲಿ ಮಂಕಾಗುತ್ತದೆ. ಇನ್ನೊಂದು ವಿಷಯ. ಗೂಟ ಮೊದಲು ಕೊಳೆಯುವುದು ಮೊನೆಯಲ್ಲಲ್ಲ, ನೆಲದ ಮಟ್ಟದಲ್ಲಿ. ಗಾಳಿಯೂ ತೇವವೂ ಕೂಡುವ ಜಾಗ ಅದು. ಬರಿಯ ಮೊನೆಗೆ ಡಾಂಬರು ಬಳಿದು ನಿಶ್ಚಿಂತರಾಗುವುದರಿಂದ ಪ್ರಯೋಜನವಿಲ್ಲ. ಬಳಿಯುವುದಾದರೆ ಮೊನೆಯಿಂದ ಹಿಡಿದು ನೆಲದ ಮೇಲೆ ಅರ್ಧ ಅಡಿಯವರೆಗೆ ಬಳಿಯಬೇಕು.

ಜೋಪಾನದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅಲಗಿನದು. ಅದರ ಆರೋಗ್ಯವನ್ನು ಸಿಪ್ಪೆಯೇ ಹೇಳುತ್ತದೆ. ಸುರುಳಿ ಸುರುಳಿಯಾಗಿ ಬರುತ್ತಿದ್ದುದು ಪುಡಿಯಾಗತೊಡಗಿದರೆ, ಮೊನೆ ಕಪ್ಪಿಟ್ಟು ಹೊಗೆಯ ವಾಸನೆ ಬಂದರೆ, ಹಿಂದಿಗಿಂತ ಹೆಚ್ಚು ಒತ್ತಬೇಕಾಗಿ ಬಂದರೆ ಅಲಗು ಮೊಂಡಾಯಿತೆಂದು ತಿಳಿಯಬೇಕು. ಮೊಂಡು ಅಲಗಿನಲ್ಲೇ ಇನ್ನು ನೂರು ಗೂಟ ಎಂದು ಹಟ ಹಿಡಿದರೆ ಅಲಗಿನ ಜೊತೆ ಮೋಟಾರೂ ಹೋಗುತ್ತದೆ. ಪ್ಲಗ್ಗು ಕಿತ್ತು, ಸ್ಕ್ರೂ ಬಿಚ್ಚಿ ಅಲಗನ್ನು ತೆಗೆಯಬೇಕು. ಅದರ ಬೆನ್ನು ಚಪ್ಪಟೆ, ಇನ್ನೊಂದು ಬದಿ ಓರೆ. ಎಣ್ಣೆ ಹಾಕಿದ ಸಾಣೆಕಲ್ಲಿನ ಮೇಲೆ ಓರೆಯನ್ನು ಮೊದಲಿನ ಕೋನದಲ್ಲೇ, ಸಾಮಾನ್ಯವಾಗಿ 25ರಿಂದ 30 ಡಿಗ್ರಿಯಲ್ಲಿ, ಮುಂದಕ್ಕೂ ಹಿಂದಕ್ಕೂ ಉಜ್ಜಬೇಕು. ಬೆನ್ನಿನ ಕಡೆ ಬೆರಳಿಗೆ ನವಿರಾದ ಸುಂಕು ತಾಗಿದಾಗ ನಿಲ್ಲಿಸಿ, ಬೆನ್ನನ್ನು ಕಲ್ಲಿನ ಮೇಲೆ ಪೂರ್ತಿ ಚಪ್ಪಟೆಯಾಗಿ ಇಟ್ಟು ಎರಡು ಸಲ ಎಳೆದರೆ ಆ ಸುಂಕು ಬೀಳುತ್ತದೆ. ಬೆನ್ನಿಗೂ ಓರೆ ಕೊಟ್ಟರೆ ಅಲಗು ಕೆಟ್ಟಂತೆಯೇ. ಕೂದಲು ತೆಗೆಯುವಷ್ಟು ಹರಿತ ಬೇಡ, ಕಾಗದವನ್ನು ತಡೆಯಿಲ್ಲದೆ ಕುಯ್ದರೆ ಸಾಕು.

ವಿದ್ಯುತ್ ಸಾಣೆಗೆ ಅಲಗನ್ನು ಒತ್ತಿ ಹಿಡಿಯಬಾರದು. ತುದಿ ನೀಲಿ ಬಣ್ಣಕ್ಕೆ ತಿರುಗಿತೆಂದರೆ ಉಕ್ಕಿನ ಹದ ಹೋಯಿತು, ಆಮೇಲೆ ಎಷ್ಟು ಉಜ್ಜಿದರೂ ಹತ್ತು ಗೂಟಕ್ಕೆ ಮತ್ತೆ ಮೊಂಡು. ಕುಲುಮೆಯಲ್ಲಿ ಕಾಯಿಸಿ ತಟ್ಟಿಸುವುದೂ ಸಲ್ಲದು. ಕುಡುಗೋಲಿಗೆ ಸರಿಹೋಗುವ ಉಪಚಾರ ಈ ತೆಳು ಅಲಗಿಗೆ ಸರಿಹೋಗುವುದಿಲ್ಲ. ಮತ್ತೆ ಕೂರಿಸುವಾಗ ಅಲಗು ಕುಳಿಯೊಳಗೆ ಅಂಚೆ ಕಾರ್ಡಿನ ದಪ್ಪದಷ್ಟು ಮಾತ್ರ ಚಾಚಿರಬೇಕು. ಹೆಚ್ಚು ಚಾಚಿದರೆ ಮರವನ್ನು ಕಚ್ಚಿ ಡ್ರಿಲ್ಲನ್ನು ತಿರುಚುತ್ತದೆ, ಕಡಿಮೆಯಾದರೆ ಬರಿದೇ ಉಜ್ಜುತ್ತದೆ. ಒಂದು ಗೂಟ ಹೆರೆದು ನೋಡಿ ಸ್ಕ್ರೂಗಳನ್ನು ಇನ್ನೊಮ್ಮೆ ಬಿಗಿಯಬೇಕು. ಹೆಚ್ಚಿನ ಅಲಗು ಒಂದು ಜೇಬಿನಲ್ಲಿದ್ದರೆ ಕೆಲಸ ನಿಲ್ಲುವುದಿಲ್ಲ.

ಹಸಿ ನೀಲಗಿರಿಯ ಅಂಟು ಕುಳಿಯ ಗೋಡೆಗೆ ಮೆತ್ತಿಕೊಂಡು ಕಪ್ಪಗಾಗುತ್ತದೆ. ಸಂಜೆ ಸೀಮೆಎಣ್ಣೆ, ಅದು ಸಿಗದಿದ್ದರೆ ಟರ್ಪೆಂಟೈನ್ ಸೋಕಿಸಿದ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ. ಮಾರನೆಯ ದಿನಕ್ಕೆ ಬಿಟ್ಟರೆ ಕೆರೆಯಬೇಕಾಗುತ್ತದೆ. ಡ್ರಿಲ್ಲಿನ ಗಾಳಿಕಿಂಡಿಗಳಲ್ಲಿ ಸೇರಿದ ಸಿಪ್ಪೆ, ಧೂಳನ್ನು ಮೃದುವಾದ ಬ್ರಷ್ಷಿನಿಂದ ತೆಗೆಯಬೇಕು. ಮೋಟಾರಿನೊಳಗೆ ಕಿಡಿಗಳು ಹೆಚ್ಚಾಗಿ ಕಂಡರೆ ಕಾರ್ಬನ್ ಬ್ರಷ್ಷುಗಳು ಸವೆದಿರುತ್ತವೆ. 5-6 ಮಿ.ಮೀ.ಗಿಂತ ಗಿಡ್ಡವಾದವನ್ನು ಜೊತೆಯಾಗಿಯೇ ಬದಲಿಸಬೇಕು.

ಜೋಗುಪಾಳ್ಯದಂಥ ಕಡೆ ರಸ್ತೆ ಬದಿಯ ಸಸಿಗಳಿಗೆ ಆಸರೆ ಕೊಡಲು ಇದೇ ಗೂಟಗಳನ್ನು ಬಳಸುವವರಿಗೆ ಒಂದು ಮಾತು. ನಗರದ ನೆಲದಡಿಯಲ್ಲಿ ವಿದ್ಯುತ್ ಕೇಬಲ್ಲು, ನೀರಿನ ಕೊಳವೆಗಳಿವೆ. ಚೂಪು ಗೂಟವನ್ನು ಕಣ್ಣುಮುಚ್ಚಿ ಹೊಡೆಯಬಾರದು. ಸಸಿಗೆಂದು ತೋಡಿದ ಗುಂಡಿಯಲ್ಲೇ, ಸಸಿ ಇಡುವ ಮುಂಚೆ, ಕಣ್ಣಿಗೆ ಕಾಣುವ ಮಣ್ಣಿನಲ್ಲಿ ಗೂಟ ಇಳಿಸಿದರೆ ಕೇಬಲ್ಲಿಗೂ ಬೇರಿಗೂ ಪೆಟ್ಟಾಗುವುದಿಲ್ಲ.

ಕೆಲಸ ಮುಗಿದ ಮೇಲೆ ಅಲಗನ್ನು ಬಿಚ್ಚಿ, ಯಂತ್ರದ ಎಣ್ಣೆ ಸವರಿ, ಕಾಗದದಲ್ಲಿ ಸುತ್ತಿ ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಗೊಬ್ಬರದ ಚೀಲಗಳಿರುವ ಕೋಣೆ ಮಾತ್ರ ಬೇಡ, ಗೊಬ್ಬರದ ತೇವಕ್ಕೆ ಉಕ್ಕು ಬೇಗ ತುಕ್ಕು ಹಿಡಿಯುತ್ತದೆ. ಹೊಸ ಗೂಟಗಳ ಸಿಪ್ಪೆ ಒಣಗಿದರೆ ಹಂಡೆಯ ಒಲೆಗೆ ಚೆನ್ನಾಗಿ ಉರಿಯುತ್ತದೆ. ಮೈಲುತುತ್ತ ಅಥವಾ ಡಾಂಬರು ಕುಡಿದ ಹಳೆಯ ಗೂಟಗಳ ಸಿಪ್ಪೆಯನ್ನು ಅದರೊಡನೆ ಬೆರೆಸಬಾರದು.